ಜತೆಗೆ ಎರಡು ಸಲ ಕರೀಬೇಕು

ಕೂತಲ್ಲಿ ಕೂರುವ ಗುಣ ನಮ್ಮ ವಂಶದಲ್ಲೇ ಇಲ್ಲ. ನಮ್ಮದು ಕುರಿಯ ಹಿಂದೆ ನಡೆದ ಮನೆತನ. ಕುರಿ ನಿಂತರೆ ನಿಲ್ಲಬೇಕು, ನಡೆದರೆ ನಡೆಯಬೇಕು. ಕುರಿ ಮಾತ್ರ ಎಲ್ಲಿಯೂ ಸರಿಯಾಗಿ ನಿಲ್ಲುವುದಿಲ್ಲ. ನಮ್ಮಜ್ಜ ಮದುವೆ ಪಂಕ್ತಿಯಲ್ಲಿ ಊಟಕ್ಕೆ ಕೂತಾಗಲೂ ಒಂದು ಮೊಣಕಾಲನ್ನು ಮೇಲೆತ್ತಿಕೊಂಡೇ ಕೂರುತ್ತಿದ್ದನಂತೆ, ಎದ್ದು ಓಡಲು ಅನುಕೂಲವಾಗಲಿ ಎಂದು. ಆ ಮೊಣಕಾಲು ಪಿತ್ರಾರ್ಜಿತವಾಗಿ ನನಗೆ ಬಂದಿದೆ. ನನ್ನದು ಮೇಜಿನ ಕೆಳಗೆ ಕುಣಿಯುತ್ತದೆ, ಅಷ್ಟೇ ವ್ಯತ್ಯಾಸ. ಅದರಲ್ಲೂ ಕರೆದರೆ ಓಗೊಡದ ಯಂತ್ರವೊಂದು ಎದುರಿಗೆ ಇದ್ದರಂತೂ ಮೇಜಿನ ಮೇಲಿನ ಸ್ಕ್ರೂಗಳೆಲ್ಲ ಉರುಳಿ ಕೆಳಗೆ ಬೀಳುವಷ್ಟು ಕುಣಿಯುತ್ತದೆ. ಮಾತಾಡದ ಮನುಷ್ಯರಿಗೆ ಏನೋ ಕಾರಣವಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ನಾನೇ ಕೈಯಾರೆ ಮಾಡಿ, ಮಾತು ಕಲಿಸಿದ ವಸ್ತು ಬಾಯಿ ಬಿಡದಿದ್ದರೆ ಯಾರನ್ನು ಕೇಳುವುದು?

ನಾನು ಯಾರೆಂದು ಹೇಳಿಬಿಡುತ್ತೇನೆ. ಕರಿಯಮ್ಮ, ಬಿ.ಇ. ಹೆಸರಿನ ಜೊತೆ ಡಿಗ್ರಿ ಸೇರಿಸಿ ಹೇಳಿದರೆ ನಗುವವರಿದ್ದಾರೆ. ಅವರ ಮನೆಯಲ್ಲಿ ಅಪ್ಪನೂ ಓದಿದ್ದ, ತಾತನೂ ಓದಿದ್ದ. ಅವರಿಗೆ ಡಿಗ್ರಿ ಎಂದರೆ ಮೂಗಿದ್ದ ಹಾಗೆ, ಎಲ್ಲರಿಗೂ ಇದ್ದೇ ಇರುವುದು. ನಮ್ಮ ಮನೆಯಲ್ಲಿ ಇದೇ ಮೊದಲ ಮೂಗು. ಹಾಗಾಗಿ ನಾನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿರುತ್ತೇನೆ. ಹೊಳಲ್ಕೆರೆಯ ನಮ್ಮ ಬಾಡಿಗೆ ಮನೆಯ ಬಾಗಿಲಿಗೂ ಹಾಗೆಯೇ ಫಲಕ ಹಾಕಿಸಿದ್ದೇನೆ. ಹಾಲು ಹಾಕುವವನು ಅದನ್ನು ಇನಿಷಿಯಲ್ ಎಂದುಕೊಂಡು, ಬಿ ಅಂದರೆ ಊರು ಬಿ.ದುರ್ಗ, ಇ ಅಂದರೆ ಅಪ್ಪ ಈರಪ್ಪ ಎಂದು ತಾನೇ ಬಿಡಿಸಿಕೊಂಡು, ನಮ್ಮಮ್ಮನನ್ನು "ಈರಪ್ಪನೋರು ಊರಾಗೇ ಅವರೇನಮ್ಮ?" ಎಂದು ವಿಚಾರಿಸಿದ್ದ. ನಮ್ಮಪ್ಪನ ಹೆಸರು ಮೂಡ್ಲಪ್ಪ. ಅವನು ಊರಲ್ಲಿ ಕುರಿಗಳ ಜೊತೆ ಆರಾಮವಾಗಿಯೇ ಇದ್ದಾನೆ, ಇಲ್ಲದ ಈರಪ್ಪನ ಕ್ಷೇಮಸಮಾಚಾರ ಹಾಲಿನವನಿಗೆ ಬೇಕು.

ಇನ್ನು ಹೆಸರಿನ ಕಥೆ. ಕರಿಯಮ್ಮ ನಮ್ಮೂರ, ನಮ್ಮ ಸೀಮೆಯ ದೇವತೆ. ಊರಲ್ಲಿ ಯಾರ ಕಾಲು ಎಡವಿದರೂ, ಯಾರ ಎಮ್ಮೆ ಹಗ್ಗ ಕಿತ್ತುಕೊಂಡರೂ, ಯಾರು ಕೂತವರು ಏಳಬೇಕಾದರೂ "ಕರಿಯಮ್ಮಾ" ಎನ್ನುತ್ತಾರೆ. ಎಲ್ಲದಕ್ಕೂ ಓ ಎನ್ನುತ್ತ ಕೂತಿದ್ದರೆ ನಾನು ಎಸ್ಸೆಸ್ಸೆಲ್ಸಿಯನ್ನೂ ದಾಟುತ್ತಿರಲಿಲ್ಲ. ಪುಣ್ಯಕ್ಕೆ ನಮ್ಮ ಕಡೆ ಮೊದಲಿನಿಂದ ಒಂದು ರೂಢಿಯಿದೆ: ಒಂದೇ ಕರೆಗೆ ಓಗೊಡಬಾರದು. ಗುಡ್ಡದಲ್ಲಿ ಕುರಿ ಕಾಯುವವರಿಗೆ ಗಾಳಿ ಕರೆದಂತೆ ಕೇಳುತ್ತದೆ, ಪಕ್ಕದ ಗುಡ್ಡದವನು ತನ್ನ ನಾಯಿಯನ್ನು ಕರೆದದ್ದೂ ತನ್ನನ್ನೇ ಕರೆದಂತೆ ಕೇಳುತ್ತದೆ. ಅದನ್ನೆಲ್ಲ ನಂಬಿ ಹೊರಟರೆ ಇತ್ತ ಕುರಿಯೂ ಇಲ್ಲ, ಅತ್ತ ಕರೆದವನೂ ಇಲ್ಲ. "ನಿಜವಾಗ್ಲೂ ಬೇಕಾದೋನು ಜತೆಗೆ ಎರಡು ಸಲ ಕರೀತಾನೆ" ಎಂದು ನಮ್ಮಜ್ಜ ಹೇಳುತ್ತಿದ್ದ. ಊರಿನವರೆಲ್ಲ ಹಾಗೇ. ಒಮ್ಮೆ ಕರೆದರೆ ಕಿವಿ ನಿಮಿರುತ್ತದೆ, ಮರುಕ್ಷಣವೇ ಇನ್ನೊಮ್ಮೆ ಕರೆದರೆ ಬಾಯಿ ತೆರೆಯುತ್ತದೆ. ಕಾಲೇಜಿನ ಮೊದಲ ವಾರ ಇದರಿಂದ ನನಗೆ ಹಾಜರಾತಿಯೇ ಸಿಕ್ಕಿರಲಿಲ್ಲ. ಆಮೇಲೆ ಪಕ್ಕದ ಗೆಳತಿ ಮೊದಲ ಕರೆಯ ಹೊತ್ತಿಗೆ ಮೊಣಕೈಯಿಂದ ತಿವಿಯುವ ಏರ್ಪಾಡಾಯಿತು. ಇಂಜಿನಿಯರಿಂಗ್ ಮುಗಿಯುವವರೆಗೂ ಆ ಏರ್ಪಾಡು ಚೆನ್ನಾಗಿಯೇ ನಡೆಯಿತು.

ಈಗ ಕೆಲಸಕ್ಕೆ ಬರುತ್ತೇನೆ. ಚಿತ್ರದುರ್ಗದ ಹೊರಗೆ, ಹೆದ್ದಾರಿ ಪಕ್ಕದಲ್ಲಿ ನಮ್ಮದೊಂದು ಸಣ್ಣ ಶೆಡ್. ಹಿಂದಿನ ಕಿಟಕಿಯಿಂದ ಜೋಗಿಮಟ್ಟಿ ಬೆಟ್ಟ ಕಾಣುತ್ತದೆ, ಮುಂದಿನ ಕಿಟಕಿಯಿಂದ ಲಾರಿ ಬಾಡಿ ಕಟ್ಟುವವರ ವೆಲ್ಡಿಂಗ್ ಕಾಣುತ್ತದೆ. ಮಾಲೀಕರು ತಿಪ್ಪೇಸ್ವಾಮಿ ಸರ್. ಇಷ್ಟು ಕಾಲ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಮಾಡಿಕೊಂಡಿದ್ದ ಅವರಿಗೆ ಒಮ್ಮೆ ವಾಹನದ ಕೆಲಸ ಹಿಡಿಯುವ ಆಸೆ ಹುಟ್ಟಿತು. ಒಂದು ಮಿನಿ ಬಸ್ ಕಂಪನಿಯವರು, ಎ.ಸಿ.ಯ ಗ್ಯಾಸಿನ ಒತ್ತಡ ಅಳೆಯುವ ಸೆನ್ಸರ್ ಮಾಡಿಕೊಡಿ, ಪರೀಕ್ಷೆಯಲ್ಲಿ ಗೆದ್ದರೆ ಆರ್ಡರ್ ನಿಮಗೇ ಎಂದರು. "ಇದಕ್ಕೆ ದೊಡ್ಡ ಊರಿಂದ ಯಾರನ್ನಾದರೂ ಕರೆಸಿ" ಎಂದು ಎಲ್ಲರೂ ಹೇಳಿದಾಗ ಸರ್ ನನ್ನತ್ತ ನೋಡಿ, "ನಮ್ಮೂರ ಹುಡುಗೀನೇ ಮಾಡ್ತಾಳೆ, ಬಿಡ್ರಿ" ಎಂದುಬಿಟ್ಟರು. ಆ ಒಂದು ಮಾತಿಗೆ ನಾನು ಸಿಕ್ಕಿಬಿದ್ದೆ. ಕೆಲಸ ಕೆಟ್ಟರೆ ಕೆಡುವುದು ಆರ್ಡರ್ ಒಂದೇ ಅಲ್ಲ, ಆ ಮಾತು. ನಾಳೆ ಇನ್ನೊಬ್ಬ ಊರ ಹುಡುಗಿ ಬಂದು ನಿಂತಾಗ ಸರ್ ಬಾಯಲ್ಲಿ ಅದು ಮತ್ತೆ ಬರುವುದಿಲ್ಲ.

ಸೆನ್ಸರ್ ಎನ್ನುವುದು ಊರ ಪಂಚಾಯ್ತಿಯಲ್ಲಿ ಹಿಂದಿನ ಸಾಲಲ್ಲಿ ಕೂತು ಗೊಣಗುವ ಮುದುಕನ ಹಾಗೆ. ಅವನು ಹೇಳುವುದು ನಿಜವೇ, ಆದರೆ ದನಿ ಯಾರಿಗೂ ಕೇಳಿಸದು. ಸಾಲದ್ದಕ್ಕೆ ಬಿಸಿಲಲ್ಲಿ ಕೂರಿಸಿದರೆ ಒಂದು ಹೇಳುತ್ತಾನೆ, ನೆರಳಲ್ಲಿ ಕೂರಿಸಿದರೆ ಇನ್ನೊಂದು. ಪಕ್ಕದಲ್ಲಿ ಕೂತು ಅವನ ಗೊಣಗಾಟ ಕೇಳಿಸಿಕೊಂಡು, ಬಿಸಿಲಿನ ಬಾಬ್ತು ಕಳೆದು, ಗಟ್ಟಿಯಾಗಿ ಸಭೆಗೆ ತಿಳಿಸುವವನೊಬ್ಬ ಬೇಕು. ಅವನೇ ಸಿಗ್ನಲ್ ಕಂಡಿಷನರ್. ಆ ಸಭೆಯ ಹೆಸರು ಲಿನ್ ಬಸ್. ವಾಹನದೊಳಗಿನ ಸಣ್ಣಪುಟ್ಟ ಸಾಧನಗಳೆಲ್ಲ ಒಂದೇ ತಂತಿಯ ಮೇಲೆ ಮಾತಾಡಿಕೊಳ್ಳುವ ಏರ್ಪಾಟು ಅದು. ಬಸ್ಸಿಗೆ ಸೆನ್ಸರ್ ಸೇರಿಸುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿದಾಗ, "ನಮ್ಮೂರಿಗೆ ಹೋಗೋ ಶ್ರೀರಾಂಪುರದ ಬಸ್ಸಿಗೂ ಒಂದು ಸೇರ್ಸು, ಹೊತ್ತಿಗೆ ಸರಿಯಾಗಿ ಬರಂಗೆ" ಎಂದಿದ್ದಳು.

ಈ ತಂತಿಯ ಮೇಲಿನ ಶಿಸ್ತು ನೋಡಿದರೆ ನಮ್ಮಂಥ ಮನೆಯಿಂದ ಬಂದವರಿಗೆ ನಂಬಿಕೆಯೇ ಬರುವುದಿಲ್ಲ. ನಮ್ಮಲ್ಲಿ ನಾಲ್ವರು ಸೇರಿದರೆ ಐದು ಮಾತು ಒಟ್ಟಿಗೆ ನಡೆಯುತ್ತವೆ. ಅಲ್ಲಿ ಕರೆಯುವವನು ಒಬ್ಬನೇ. ಅವನು ಒಬ್ಬೊಬ್ಬರ ಗುರುತಿನ ಸಂಖ್ಯೆ ಹಿಡಿದು ಸರದಿಯಂತೆ ಕರೆಯುತ್ತ ಹೋಗುತ್ತಾನೆ. ಕರೆಸಿಕೊಂಡವರು ತಟ್ಟನೆ ಉತ್ತರ ಹೇಳಿ ಸುಮ್ಮನಾಗಬೇಕು. ಕರೆಯದೆ ಯಾರೂ ಬಾಯಿ ಬಿಡುವಂತಿಲ್ಲ. ಹಳೆಯ ಪುಸ್ತಕಗಳಲ್ಲಿ ಇವರಿಗೆ ಒಡೆಯ, ಗುಲಾಮ ಎಂಬ ಅರ್ಥದ ಹೆಸರುಗಳಿದ್ದವು. ಅಮ್ಮನ ಕಡೆಯಿಂದ ನಾನು ಬೇರೆಯವರ ಹೊಲದಲ್ಲಿ ಜೀತಕ್ಕಿದ್ದವರ ಮೊಮ್ಮಗಳು. ಆ ಪುಟ ಬಂದಾಗಲೆಲ್ಲ ಮೊಣಕಾಲು ಒಂದು ಸುತ್ತು ಹೆಚ್ಚು ಕುಣಿಯುತ್ತಿತ್ತು. ನಮ್ಮ ಶೆಡ್ಡಿನಲ್ಲಿ ಕರೆಯೋನು, ಓಗೊಡೋರು ಎಂದು ಬದಲಾಯಿಸಿದೆ. ಸೋಲ್ಡರಿಂಗ್ ಮಾಡುವ ನಾಗರಾಜಣ್ಣ, "ಹೆಸ್ರು ಬದ್ಲಾಯಿಸಿದ್ರಿ ಸರಿ ಮೇಡಮ್ಮೋರೇ, ಕೆಲ್ಸ ಅದೇ ಅಲ್ವಾ ಅವುಕ್ಕೆ?" ಎಂದು ಕೇಳಿದ. ಅವನಿಗೆ ಇಂಥ ಪ್ರಶ್ನೆಗಳು ನಾನು ಅವಸರದಲ್ಲಿದ್ದಾಗಲೇ ಹೊಳೆಯುತ್ತವೆ.

ಕಂಡಿಷನರ್ ಪಕ್ಕದ ಪುಟ್ಟ ಚಿಪ್ಪಿಗೆ ಪ್ರೋಗ್ರಾಂ ಬರೆದವಳು ನಾನೇ. ಮೊದಮೊದಲು ಒಂದು ತಕರಾರು ಬಂತು. ಎದುರಿನವರು ವೆಲ್ಡಿಂಗ್ ಕಿಡಿ ಹಾರಿಸಿದಾಗಲೆಲ್ಲ ನಮ್ಮ ಸೆನ್ಸರ್ ಯಾರೋ ಕರೆದರೆಂದು ಬೆಚ್ಚಿ, ಕರೆಯದಿದ್ದರೂ ಉತ್ತರ ಹೇಳುತ್ತಿತ್ತು. ಉಳಿದವರು ತಂತಿಗೆ ಕವಚ ಹಾಕು, ಅದು ಹಾಕು, ಇದು ಹಾಕು ಎಂದರು. ನಾನು ಅದನ್ನೆಲ್ಲ ಹಾಕಿದ ಮೇಲೂ ಸಮಾಧಾನವಾಗದೆ ಪ್ರೋಗ್ರಾಮಿನಲ್ಲೇ ಎರಡು ಸಾಲು ಸೇರಿಸಿದೆ: ಒಂದು ಕರೆ ಬಂದರೆ ಸುಮ್ಮನಿರು, ಅದರ ಬೆನ್ನಿಗೇ ಬಂದ ಕರೆಯೂ ನಿನ್ನದೇ ಆಗಿದ್ದರೆ ಮಾತಾಡು. ಬೆಚ್ಚುವುದು ನಿಂತಿತು. ಮೇಜಿನ ಮೇಲೆ ಇಡೀ ವಾರ ಓಡಿಸಿದೆವು. ಲ್ಯಾಪ್‌ಟಾಪ್ ಕರೆಯುತ್ತಿತ್ತು, ಸೆನ್ಸರ್ ಓಗೊಡುತ್ತಿತ್ತು. ಇಷ್ಟು ಜಾಣತನ ಯಾವ ಪುಸ್ತಕದಲ್ಲೂ ಇಲ್ಲವಲ್ಲ, ನನಗೆ ಎಲ್ಲಿಂದ ಹೊಳೆಯಿತು ಎಂದು ನಾನೇ ಬೆರಗಾಗಿದ್ದೆ. ಎಲ್ಲಿಂದ ಎನ್ನುವುದು ಆಮೇಲೆ ತಿಳಿಯಿತು.

ಶನಿವಾರ ಮಿನಿ ಬಸ್ ಬಂತು. ಜೊತೆಗೆ ಕಂಪನಿಯ ಇಂಜಿನಿಯರ್ ಪಾಟೀಲರು ಬಂದರು, ಧಾರವಾಡದ ಕಡೆಯವರು. ಸೆನ್ಸರನ್ನು ಎ.ಸಿ. ಪೈಪಿಗೆ ಕೂರಿಸಿ, ತಂತಿ ಸೇರಿಸಿ, ಕೀಲಿ ತಿರುಗಿಸಿದೆವು. ಫ್ಯಾನು ಉತ್ತರ ಕೊಟ್ಟಿತು, ಗಾಳಿಯ ಬಾಗಿಲು ತಿರುಗಿಸುವ ಮೋಟಾರುಗಳು ಉತ್ತರ ಕೊಟ್ಟವು. ನಮ್ಮದು ಮಾತ್ರ ಮೌನವ್ರತ. ಪಾಟೀಲರು ಲ್ಯಾಪ್‌ಟಾಪ್ ತೆರೆ ನೋಡುತ್ತ, "ನಿಮ್ಮ ಪೀಸ್ ಬಾಯೇ ಬಿಡವಲ್ದಲ್ರೀ ಮೇಡಂ" ಎಂದರು. ಬಿಚ್ಚಿ ಮೇಜಿಗೆ ತಂದು ಹಾಕಿದರೆ ಗಿಣಿಯ ಹಾಗೆ ಮಾತು. ಮತ್ತೆ ಬಸ್ಸಿಗೆ ಹಾಕಿದರೆ ಮೌನ. ಇದರಿಂದ ನಾನು ತೆಗೆದ ತೀರ್ಮಾನ ಒಂದೇ: ದೋಷ ಬಸ್ಸಿನದು. ಬರೀ ತೀರ್ಮಾನ ತೆಗೆದಿದ್ದರೆ ನಡೆಯುತ್ತಿತ್ತು, ಗಟ್ಟಿಯಾಗಿ ಹೇಳಿಯೂ ಬಿಟ್ಟೆ. "ನಿಮ್ಮ ವೈರಿಂಗ್ ಸರಿಯಿಲ್ಲ ಸರ್, ನನ್ನ ಪೀಸಲ್ಲಿ ಏನೂ ತಪ್ಪಿಲ್ಲ" ಎಂದೆ. ನಾಗರಾಜಣ್ಣನ ಕೈಯಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿಸಿದೆ, ಅರ್ತಿಂಗ್ ನೋಡಿಸಿದೆ, ಕನೆಕ್ಟರ್ ಬದಲಾಯಿಸಿದೆ, ಕೊನೆಗೆ ಡ್ರೈವರ್ ಸೀಟನ್ನೂ ಎತ್ತಿಸಿದೆ. ಸೀಟಿನ ಕೆಳಗೆ ಯಾರೋ ಕಳೆದುಕೊಂಡ ಒಂದು ಬಾಚಣಿಗೆ ಸಿಕ್ಕಿತು. ಪಾಟೀಲರು ಅದನ್ನೇ ನೋಡುತ್ತ, "ಸೋಮವಾರ ನಮ್ಮ ಹಿರೇರು ಬರ್ತಾರ್ರೀ. ಅಷ್ಟರಾಗ ಮಾತಾಡಿದ್ರ ಆತು. ಇಲ್ಲಂದ್ರ ಬ್ಯಾರೇದವರಿಗೆ ಕೊಡೂದ" ಎಂದರು. ತಿಪ್ಪೇಸ್ವಾಮಿ ಸರ್ ಬಾಚಣಿಗೆ ಎತ್ತಿ ಬದಿಗಿಟ್ಟು ಒಳಗೆ ಹೋದರು. ಅವರು ಬೈದಿದ್ದರೆ ಆ ದಿನ ನನಗೆ ಮುದ್ದೆ ಇಳಿಯುತ್ತಿತ್ತು.

ಮನೆಗೆ ಬಂದು ತಟ್ಟೆಯ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ. ಚಾರ್ಜರ್ ತಂತಿ ಕಂಡರೆ ಲಿನ್ ತಂತಿ ನೆನಪಾಗುತ್ತಿತ್ತು. ಅಮ್ಮ, "ಕುರಿ ಹೊಲಕ್ಕೆ ನುಗ್ಗಿದಂಗೆ ಆಡ್ತೀಯಲ್ಲೇ, ಏನಾಗೈತೆ?" ಎಂದಳು. "ಕರೆದ್ರೆ ಮಾತಾಡಲ್ಲ ಕಣಮ್ಮ ಅದು" ಎಂದೆ. "ಕೋಪ ಮಾಡ್ಕಂಡೈತೇನೋ" ಎಂದು ಇನ್ನೊಂದು ಸೌಟು ಸಾರು ಬಿಟ್ಟಳು. ಮರುದಿನ ಬೆಳಿಗ್ಗೆ ಅವಳನ್ನು, ಹೊಳಲ್ಕೆರೆಗೆ ಭಾನುವಾರ ಮಾತ್ರ ಬರುವ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿತ್ತು. ಮುಂದೂಡಲು ನೋಡಿದೆ, ಅವಳು ಒಪ್ಪಲಿಲ್ಲ. ಹೊಸ ಸೀರೆ ಉಟ್ಟು ತಯಾರಾಗಿದ್ದಳು. ಅದನ್ನು ಬಿಚ್ಚಿಡುವ ಪ್ರಶ್ನೆಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೌಂಟರಿನ ಹುಡುಗಿ ಸರದಿಯಂತೆ ಹೆಸರು ಕೂಗುತ್ತಿದ್ದಳು. ಅಮ್ಮನನ್ನು ಬೆಂಚಿನಲ್ಲಿ ಕೂರಿಸಿ ನಾನು ಹೊರಗೆ ಹೋದೆ, ಒಳಗೆ ಬಂದೆ, ನಾಗರಾಜಣ್ಣನಿಗೆ ಫೋನು ಮಾಡಿ ಯಾವುದೋ ತಂತಿಯ ಬಣ್ಣ ಕೇಳಿದೆ, ಮತ್ತೆ ಹೊರಗೆ ಹೋದೆ. ಬಾಗಿಲ ಕಾಯುವವನು ನನ್ನನ್ನು ರೋಗಿಯೆಂದು ತಿಳಿದು, "ಕುಂತ್ಕಳ್ರಿ ಅಕ್ಕ, ಕಣ್ಣಿನ ನೋವಿಗೆ ಓಡಾಡಿದ್ರೆ ಹೆಚ್ಚಾಗ್ತೈತೆ" ಎಂದ. ನಮ್ಮ ಹಿಂದೆ ಬಂದವರೆಲ್ಲ ಕಣ್ಣು ತೋರಿಸಿಕೊಂಡು ಹೊರಟಿದ್ದರು. ನನ್ನ ತಾಳ್ಮೆ ತೀರಿತು. ಕೌಂಟರಿಗೆ ಹೋಗಿ, ನಮ್ಮ ಸರದಿ ಯಾಕೆ ಬಂದಿಲ್ಲ, ಓದಿದವಳು ನಾನು, ನನಗೂ ನಿಯಮ ಗೊತ್ತಿದೆ ಎಂದು ಜೋರು ಮಾಡಿದೆ.

ಹುಡುಗಿ ತಲೆ ಎತ್ತಿ, "ಹನುಮಕ್ಕ ಅಂತ ಎಷ್ಟು ಸಲ ಕರೀಲಿ ಮೇಡಂ? ಎಲ್ಲರ ಹೆಸ್ರೂ ಕರೆದು ಮುಗ್ಸಿ, ಮತ್ತೆ ಮೊದ್ಲಿಂದ ಕರೆದು, ಆಗ್ಲೂ ಕರೆದೆ. ಅವ್ರು ನನ್ನೇ ನೋಡ್ತಾ ಕುಂತಿದ್ರು, ಓ ಅನ್ಲಿಲ್ಲ" ಎಂದಳು.

ನಾನು ಅಮ್ಮನತ್ತ ತಿರುಗಿದೆ. "ಕೇಳಿಸ್ಲಿಲ್ವೇನಮ್ಮ ನಿಂಗೆ?"

"ಕೇಳಿಸ್ತು" ಎಂದಳು ಅಮ್ಮ, ಬೆಂಚಿನ ಮೇಲೆ ನೆಟ್ಟಗೆ ಕೂತು. "ಹನುಮಕ್ಕ ಅಂದ್ಲು. ಇನ್ನೊಂದ್ಸಲ ಅಂತಾಳೆ ಅಂತ ಸೆರಗು ಸರಿ ಮಾಡ್ಕಂಡೆ. ಅಷ್ಟ್ರಲ್ಲಿ ಯಾವನ್ನೋ ರಂಗಪ್ಪನ್ನ ಕರೆದ್ಲು."

"ಆಮ್ಯಾಲೂ ಕರೆದ್ನಲ್ಲಮ್ಮ" ಎಂದಳು ಹುಡುಗಿ.

"ಊರೋರನ್ನೆಲ್ಲ ಕರೆದು, ಮಧ್ಯ ಮಧ್ಯ ನನ್ನ ಕರೆದ್ರೆ ಅದು ಎರಡಾಗ್ತೈತೇನವ್ವ? ಬಿಡಿಬಿಡಿಯಾಗಿ ಕರೆದ್ರೆ ಯಾರಿಗೆ ಗೊತ್ತಾಗ್ತೈತೆ? ಜತೆಗೆ ಎರಡು ಸಲ ಕರೀಬೇಕು."

ನನ್ನ ಮೊಣಕಾಲು ನಿಂತುಹೋಯಿತು. ನಮ್ಮ ಮೇಜಿನ ಮೇಲೆ ಇದ್ದದ್ದು ಸೆನ್ಸರ್ ಒಂದೇ. ಲ್ಯಾಪ್‌ಟಾಪ್ ಮತ್ತೆ ಮತ್ತೆ ಅದನ್ನೇ ಕರೆಯುತ್ತಿತ್ತು. ಹನುಮಕ್ಕ, ಹನುಮಕ್ಕ, ಹನುಮಕ್ಕ. ಅದು ಸಂತೋಷವಾಗಿ ಓಗೊಡುತ್ತಿತ್ತು. ಬಸ್ಸಿನೊಳಗೆ ಹಾಗಲ್ಲ. ಒಮ್ಮೆ ನಮ್ಮದನ್ನು ಕರೆದರೆ ಮುಂದಿನ ಕರೆ ಫ್ಯಾನಿಗೆ, ಆಮೇಲಿನದು ಮೋಟಾರಿಗೆ. ಬೆನ್ನುಬೆನ್ನಿಗೆ ಎರಡು ಸಲ ಅದನ್ನು ಯಾರೂ ಕರೆಯುವುದೇ ಇಲ್ಲ. ಪಾಪ, ಸೆನ್ಸರ್ ಸೆರಗು ಸರಿ ಮಾಡಿಕೊಂಡು ಕಾಯುತ್ತ ಕೂತಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಎಲ್ಲಿಂದ ಹೊಳೆಯಿತೋ ಎಂದು ಬೆರಗುಪಟ್ಟು ನಾನು ಬರೆದ ಎರಡು ಸಾಲು ನಮ್ಮಜ್ಜನದಾಗಿತ್ತು.

"ನೀವು ಒಂದ್ಸಲ ಜತೆಗೆ ಎರಡು ಸಲ ಕರೆದುಬಿಡಿ" ಎಂದು ಕೌಂಟರಿನ ಹುಡುಗಿಗೆ ಕೈಮುಗಿದೆ. ಅವಳು ನನ್ನನ್ನು ಒಂದು ಥರ ನೋಡಿ, "ಹನುಮಕ್ಕ, ಹನುಮಕ್ಕ" ಎಂದಳು. "ಓ, ಬಂದೆ ಕಣವ್ವ" ಎಂದು ಅಮ್ಮ ಎದ್ದು ನಡೆದೇಬಿಟ್ಟಳು.

ಕಣ್ಣಿಗೆ ಔಷಧಿ ಬಿಟ್ಟದ್ದರಿಂದ ಅವಳಿಗೆ ಎಲ್ಲವೂ ಮಂಜು. ಮನೆಗೆ ಬಿಟ್ಟು ಹೋಗುವಷ್ಟು ತಾಳ್ಮೆ ನನಗಿರಲಿಲ್ಲ. ಅವಳನ್ನೂ ಕರೆದುಕೊಂಡು ಚಿತ್ರದುರ್ಗದ ಬಸ್ಸು ಹತ್ತಿ ಶೆಡ್ಡಿಗೆ ಬಂದೆ. ಭಾನುವಾರದ ಊಟ ಅರ್ಧಕ್ಕೆ ಬಿಟ್ಟು ನಾಗರಾಜಣ್ಣ ಕೀಲಿ ತಂದ. ಅಮ್ಮನನ್ನು ಮಿನಿ ಬಸ್ಸಿನ ಸೀಟಿನಲ್ಲಿ ಕೂರಿಸಿ, ಎರಡು ಸಾಲು ಅಳಿಸಿ, ಪ್ರೋಗ್ರಾಂ ಮತ್ತೆ ತುಂಬಿ, ಕೀಲಿ ತಿರುಗಿಸಿದೆ. ಫ್ಯಾನು ಓಗೊಟ್ಟಿತು, ಮೋಟಾರು ಓಗೊಟ್ಟಿತು, ನಮ್ಮದೂ ಓಗೊಟ್ಟಿತು. ಎದುರಿನವರ ಹತ್ತಿರ ಹೋಗಿ ಬೇಡಿಕೊಂಡು, ಭಾನುವಾರವೂ ನಾಲ್ಕು ಕಿಡಿ ಹಾರಿಸಲು ಹೇಳಿದೆ. ತಂತಿಗೆ ಹಾಕಿದ್ದ ಕವಚವೇ ಸಾಕಾಗಿತ್ತು, ಸೆನ್ಸರ್ ಬೆಚ್ಚಲಿಲ್ಲ. ಎ.ಸಿ. ತಣ್ಣಗೆ ಬೀಸತೊಡಗಿತು. "ಮಾತಾಡ್ತೇನೇ ಅದು?" ಎಂದಳು ಅಮ್ಮ ಕಣ್ಣು ಮುಚ್ಚಿಕೊಂಡೇ. ಆಡಿತು ಎಂದೆ. ಆದದ್ದನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಒಳ್ಳೇದೇ ಕಲ್ಸಿದ್ದೆ ಅದುಕ್ಕೆ. ಯಾಕ್ ತೆಗ್ದೆ?" ಎಂದು, ಸೆರಗು ಬಿಗಿಯಾಗಿ ಹೊದ್ದುಕೊಂಡು, "ಕಂಬ್ಳಿ ತರಬೇಕಿತ್ತು" ಎಂದಳು.

ಸೋಮವಾರ ಬೆಳಿಗ್ಗೆಯೇ ಪಾಟೀಲರಿಗೂ ತಿಪ್ಪೇಸ್ವಾಮಿ ಸರ್‌ಗೂ ನಿಜ ಹೇಳಿದೆ. "ವೈರಿಂಗ್ ಸರಿ ಇತ್ತು ಸರ್. ತಪ್ಪು ನಮ್ಮೂರದ್ದು" ಎಂದು ಶುರುಮಾಡಿ ಅಜ್ಜ, ಗುಡ್ಡ, ನಾಯಿ ಎಲ್ಲ ಸೇರಿಸಿದೆ. ಪಾಟೀಲರು ಟೀ ಲೋಟ ಕೆಳಗಿಟ್ಟು ನಕ್ಕರು. ಸರ್ ನಗಲಿಲ್ಲ, "ನಮ್ಮಪ್ಪಾನೂ ಹಂಗೇ ಕಣಮ್ಮ, ಒಂದು ಕರೆಗೆ ಬಂದಿದ್ದೇ ಇಲ್ಲ" ಎಂದರು. ಹಿರಿಯರು ಬಂದರು. ಎ.ಸಿ. ಹಾಕಿಸಿದರು, ನಿಲ್ಲಿಸಿದರು, ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಹಾಕಿಸಿದರು. ಸೆನ್ಸರ್ ಒಂದೇ ಒಂದು ಕರೆಯನ್ನೂ ತಪ್ಪಿಸಲಿಲ್ಲ. ಅವರು ತೃಪ್ತಿಯಿಂದ ಕೈ ಒರೆಸಿಕೊಳ್ಳುತ್ತ, "ಆರ್ಡರ್ ನಿಮಗೇ" ಎಂದರು. ಆಮೇಲೆ ಸುತ್ತ ನಿಂತಿದ್ದ ನಮ್ಮನ್ನೆಲ್ಲ ನೋಡಿ, "ಇದನ್ನು ಮಾಡಿದವರು ಯಾರೋ ಇದ್ದಾರಂತಲ್ಲ… ಕರಿಯಮ್ಮ?" ಎಂದು ಕೇಳಿ, ಕುಲುಕಲು ಕೈ ಚಾಚಿದರು.

ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಕಿವಿ ನಿಮಿರಿತು. ವೇಲ್ ಸರಿ ಮಾಡಿಕೊಂಡೆ. ಇನ್ನೊಮ್ಮೆ ಕರೆಯುತ್ತಾರೆಂದು ಕಾದೆ. ತಿವಿಯಲು ಪಕ್ಕದಲ್ಲಿ ಗೆಳತಿಯಿರಲಿಲ್ಲ. ಹಿರಿಯರ ಕೈ ಗಾಳಿಯಲ್ಲಿ ಚಾಚಿಕೊಂಡೇ ಇತ್ತು. ದೊಡ್ಡವರ ಕೈ ಹಾಗೆ ಖಾಲಿ ನಿಂತದ್ದನ್ನು ನೋಡಲಾರದೆ ನಾಗರಾಜಣ್ಣ, "ಸರ್" ಎಂದು ಮುಂದೆ ಬಂದು ಹಿಡಿದುಕೊಂಡ. ಹಿರಿಯರು ಅವನ ಕೈ ಕುಲುಕಿ, ಬೆನ್ನು ತಟ್ಟಿ, ಫೋಟೋ ತೆಗೆಸಿಕೊಂಡು ಕಾರು ಹತ್ತಿದರು. ನಾಗರಾಜಣ್ಣನಿಗೆ ಪೊದೆ ಮೀಸೆಯಿದೆ. ಕರಿಯಮ್ಮ ಎಂಬ ಹೆಸರಿನ ಬಗ್ಗೆ ಅವರು ಏನಂದುಕೊಂಡರೋ ತಿಳಿಯದು. ಕಾರಿನ ಹಿಂದೆ ಹೊರಟ ಪಾಟೀಲರು ನನ್ನ ಹತ್ತಿರ ನಿಂತು, "ಪೀಸ್ ಅಂತೂ ರಿಪೇರಿ ಆತ್ರೀ ಮೇಡಂ. ನಿಮ್ದು ಯಾವಾಗ್ರೀ?" ಎಂದು ಮೆಲ್ಲಗೆ ಕೇಳಿದರು.

ಸಂಜೆ ಬಸ್ಸಿನಲ್ಲಿ ಕೂತು ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ಯಾರೇ ಕರೆಯಲಿ, ಮೊದಲ ಕರೆಗೇ ಓ. ಸೆನ್ಸರ್ ಕಲಿತದ್ದನ್ನು ಬಿ.ಇ. ಕಲಿಯಲಾರಳೆ? ಮನಸ್ಸಿನಲ್ಲೇ ಯಾರೋ ಕರೆದಂತೆ, ನಾನು ಓ ಎಂದಂತೆ ಅಭ್ಯಾಸ ಮಾಡುತ್ತ ಬಂದೆ. ಪಕ್ಕದಲ್ಲಿ ಮಡಿಲ ತುಂಬ ಸೇವಂತಿಗೆ ಇಟ್ಟುಕೊಂಡ ಅಜ್ಜಿಯೊಬ್ಬಳು ತೂಕಡಿಸುತ್ತಿದ್ದಳು. ಹೊಳಲ್ಕೆರೆ ಇನ್ನೂ ದೂರವಿತ್ತು. ಡ್ರೈವರ್ ಉಬ್ಬನ್ನು ಗಮನಿಸದೆ ಬಸ್ ಹಾರಿಸಿದ. ಅಜ್ಜಿ ಸೀಟಿನಿಂದ ಗೇಣುದ್ದ ಮೇಲೆದ್ದು ಬಿದ್ದು, ಕಣ್ಣು ಮುಚ್ಚಿಕೊಂಡೇ, "ಕರಿಯಮ್ಮಾ" ಎಂದಳು.

"ಓ" ಎಂದೆ.

ಅಜ್ಜಿ ಕಣ್ಣು ತೆರೆದು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಾರವ್ವ ನೀನು?" ಎಂದಳು, ದನಿ ತಗ್ಗಿಸಿ.

ಕೇಳಿದ ಕೂಡಲೇ ಉತ್ತರ ಕೊಡಬೇಕಲ್ಲ. "ಕರಿಯಮ್ಮ" ಎಂದೆ. ಬಿ.ಇ. ಸೇರಿಸದೆ ಹೆಸರು ಹೇಳಿದ್ದು ಅದೇ ಮೊದಲು, ಅದರ ಫಲ ನೋಡಿ. ಅಜ್ಜಿ ಮಡಿಲಿನಿಂದ ಒಂದು ಮೊಳ ಹೂವು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಕೈಮುಗಿದು, "ನನ್ನ ಮೊಮ್ಮಗ್ಳು ಈ ಸಲನಾದ್ರೂ ಪಾಸಾಗ್ತಾಳೇನವ್ವ?" ಎಂದಳು.

"ಆಗ್ತಾಳೆ ಕಣಜ್ಜಿ" ಎಂದೆ, ಮೊದಲ ಕರೆಗೇ. ಅಷ್ಟು ಹೊತ್ತೂ ನನ್ನ ಮೊಣಕಾಲು ಕುಣಿಯುತ್ತಲೇ ಇತ್ತು. ಅಜ್ಜಿ ಅದನ್ನೂ ನೋಡಿದಳು. ಮೈಮೇಲೆ ಬಂದಿದೆ ಎಂದುಕೊಂಡಿರಬೇಕು, ಇನ್ನೊಂದು ಮೊಳ ಹೂವು ಇಟ್ಟು, ಕಿಟಕಿಯ ಕಡೆಗೆ ಜರುಗಿ ಕೂತಳು.